ಸಭಾಗೃಹದಿಂದ ಊರಿನ ಮೊಬೈಲಿನವರೆಗೆ: ತಾಳಮದ್ದಳೆಯನ್ನು ನೇರಪ್ರಸಾರ ಮಾಡುವ ಬಗೆ

ಮಳೆಗಾಲ ಬಂತೆಂದರೆ ಮುಂಬಯಿಯ ಕನ್ನಡ ಸಂಘಗಳಲ್ಲಿ ತಾಳಮದ್ದಳೆಗಳ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನದ, ಸರಣಿ ಆರಂಭವಾಗುತ್ತದೆ. ಊರಿನಿಂದ ಬಂದ ಕಲಾವಿದರ ತಂಡ ಇಂದು ಮಾಟುಂಗಾದಲ್ಲಿ, ನಾಳೆ ಕುರ್ಲಾದಲ್ಲಿ, ನಾಡಿದ್ದು ಡೊಂಬಿವಲಿಯಲ್ಲಿ ಎಂಬಂತೆ ಕಾರ್ಯಕ್ರಮ ಕೊಡುತ್ತಾ ಹೋಗುತ್ತದೆ. ಈ ದಿನಗಳಲ್ಲಿ ಸಂಘಗಳ ಪದಾಧಿಕಾರಿಗಳು ಪದೇ ಪದೇ ಕೇಳುವ ಪ್ರಶ್ನೆ ಒಂದೇ: ನಮ್ಮ ಕಾರ್ಯಕ್ರಮವನ್ನು ಊರಿನವರೂ ಗಲ್ಫಿನಲ್ಲಿರುವ ನಮ್ಮವರೂ ಮನೆಯಲ್ಲೇ ಕುಳಿತು ನೋಡುವಂತೆ ಮಾಡಬೇಕು, ಆದರೆ ಪ್ರತಿ ಸಲವೂ ಅರ್ಧದಲ್ಲಿ ಚಿತ್ರ ನಿಂತು ಚಕ್ರ ತಿರುಗತೊಡಗುತ್ತದೆ, ಇಲ್ಲವೇ ಮಾತೇ ಸರಿಯಾಗಿ ಕೇಳುವುದಿಲ್ಲ, ಏನು ಮಾಡಬೇಕು? ಅವರಿಗಾಗಿ ಈ ಲೇಖನ. ಉದಾಹರಣೆಗೆ ತಾಳಮದ್ದಳೆಯನ್ನು ತೆಗೆದುಕೊಂಡಿದ್ದರೂ ಇದೇ ಕ್ರಮ ಭಜನೆಗೂ ಉಪನ್ಯಾಸಕ್ಕೂ ನಾಟಕಕ್ಕೂ ಸಲ್ಲುತ್ತದೆ.

ನನ್ನ ಖಚಿತ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಣವನ್ನೂ ಸಮಯವನ್ನೂ ಮೊದಲು ಧ್ವನಿಗೆ, ಅನಂತರ ಇಂಟರ್ನೆಟ್ ಸಂಪರ್ಕಕ್ಕೆ, ಕೊನೆಗೆ ಕ್ಯಾಮೆರಾಕ್ಕೆ ವಿನಿಯೋಗಿಸಿ. ಹೆಚ್ಚಿನ ಸಂಘಗಳು ಇದನ್ನು ತಿರುಗುಮುರುಗಾಗಿ ಮಾಡುತ್ತವೆ. ಚಿತ್ರ ಸ್ವಲ್ಪ ಮಸುಕಾದರೂ ಪ್ರೇಕ್ಷಕರು ಪ್ರಸಂಗ ಮುಗಿಯುವವರೆಗೆ ಕುಳಿತಿರುತ್ತಾರೆ; ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ನಡುನಡುವೆ ತುಂಡಾದರೆ ಹತ್ತು ನಿಮಿಷವೂ ಕೂರುವುದಿಲ್ಲ.

ಒಳಗೆ ನಡೆಯುವುದೇನು?

ಇದನ್ನು ತಿಳಿದುಕೊಳ್ಳದೆ ಗುಂಡಿಗಳನ್ನು ಒತ್ತಿದರೆ, ತೊಂದರೆ ಬಂದಾಗ ಎಲ್ಲಿ ನೋಡಬೇಕೆಂಬುದೇ ಗೊತ್ತಾಗುವುದಿಲ್ಲ. ಆದ್ದರಿಂದ ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ.

1280 ಅಡ್ಡ ಚುಕ್ಕಿಗಳು, 720 ಉದ್ದ ಚುಕ್ಕಿಗಳು, ಸೆಕೆಂಡಿಗೆ 25 ಚಿತ್ರಗಳು ಎಂಬ ಲೆಕ್ಕದ ವಿಡಿಯೋವನ್ನು ಇದ್ದದ್ದು ಇದ್ದಂತೆಯೇ ಕಳುಹಿಸಲು ಹೊರಟರೆ ಸೆಕೆಂಡಿಗೆ ಸುಮಾರು 276 ಮೆಗಾಬಿಟ್ ಮಾಹಿತಿ ಹರಿಯಬೇಕಾಗುತ್ತದೆ. ಯಾವ ಸಭಾಗೃಹದ ಸಂಪರ್ಕವೂ ಇದನ್ನು ಗಂಟೆಗಟ್ಟಲೆ ತಾಳಲಾರದು. ಹಾಗಾಗಿ ಎನ್‌ಕೋಡರ್ ಎಂಬ ತಂತ್ರಾಂಶ ಅಥವಾ ಯಂತ್ರ ಅದನ್ನು ಸುಮಾರು 3 ಮೆಗಾಬಿಟ್‌ಗೆ ಕುಗ್ಗಿಸುತ್ತದೆ. ಪ್ರತಿ ಸೆಕೆಂಡಿಗೆ ಹೀಗೆ ಹರಿಯುವ ಮಾಹಿತಿಯ ಪ್ರಮಾಣಕ್ಕೆ ಬಿಟ್‌ರೇಟ್ ಎಂದು ಹೆಸರು. ಕುಗ್ಗಿಸುವ ಮತ್ತು ಮತ್ತೆ ಬಿಡಿಸುವ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಚಿತ್ರಕ್ಕೆ 2003ರಲ್ಲಿ ಬಂದ ಎಚ್.264, ಧ್ವನಿಗೆ ಎಎಸಿ ಇಂದಿಗೂ ಎಲ್ಲ ಮೊಬೈಲುಗಳಲ್ಲೂ ನಡೆಯುವ ಜೋಡಿ.

ಕುಗ್ಗಿಸುವ ಉಪಾಯ ಸರಳವಾದದ್ದು. ಎರಡು ಸೆಕೆಂಡಿಗೊಮ್ಮೆ ಒಂದು ಪೂರ್ಣ ಚಿತ್ರವನ್ನು ಕಳುಹಿಸಿ, ನಡುವಿನ ಚಿತ್ರಗಳಲ್ಲಿ ಬದಲಾದ ಭಾಗವನ್ನಷ್ಟೇ ಕಳುಹಿಸಲಾಗುತ್ತದೆ. ಆ ಪೂರ್ಣ ಚಿತ್ರಕ್ಕೆ ಕೀಫ್ರೇಮ್ ಎನ್ನುತ್ತಾರೆ. ಕುಳಿತು ಅರ್ಥ ಹೇಳುವ ತಾಳಮದ್ದಳೆಯಲ್ಲಿ ಹಿನ್ನೆಲೆಯ ಪರದೆ, ಬ್ಯಾನರು, ಮೈಕುಗಳು ಕದಲುವುದೇ ಇಲ್ಲವಾದ್ದರಿಂದ ಕಡಿಮೆ ಬಿಟ್‌ರೇಟ್‌ನಲ್ಲೂ ಚಿತ್ರ ಚೆನ್ನಾಗಿ ಬರುತ್ತದೆ. ಅದೇ ವೇದಿಕೆಯಲ್ಲಿ ಯಕ್ಷಗಾನದ ವೇಷವೊಂದು ಧಿಗಿಣ ತಿರುಗಿದರೆ ಕಿರೀಟ, ಕವಚಗಳ ಹೊಳಪು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಅದು ಕ್ಯಾಮೆರಾದ ದೋಷವಲ್ಲ, ಆ ಚಲನೆಗೆ ಬಿಟ್‌ರೇಟ್ ಸಾಲಲಿಲ್ಲ ಎಂದರ್ಥ.

ಕುಗ್ಗಿದ ಮಾಹಿತಿ ನಿಮ್ಮ ಲ್ಯಾಪ್‌ಟಾಪಿನಿಂದ ಯೂಟ್ಯೂಬಿನಂತಹ ಪ್ರಸಾರ ವೇದಿಕೆಯ ಸರ್ವರಿಗೆ ಒಂದೇ ಎಳೆಯಾಗಿ ಹೋಗುತ್ತದೆ. ಇದಕ್ಕೆ ಬಳಕೆಯಾಗುವ ಕ್ರಮದ ಹೆಸರು ಆರ್‌ಟಿಎಂಪಿ. ಫ್ಲ್ಯಾಶ್ ಕಾಲದಲ್ಲಿ ಹುಟ್ಟಿದ ಈ ಕ್ರಮ, 2020ರ ಕೊನೆಗೆ ಫ್ಲ್ಯಾಶ್ ಕಣ್ಮರೆಯಾದ ಮೇಲೂ ಕಳುಹಿಸುವ ಕೆಲಸಕ್ಕೆ ಉಳಿದುಕೊಂಡಿದೆ. ನೋಡುಗರ ಕಡೆಯ ಕಥೆ ಬೇರೆ. ಸರ್ವರು ನಿಮ್ಮ ವಿಡಿಯೋವನ್ನು 720, 480, 360, 240 ಮುಂತಾದ ಹಲವು ಗುಣಮಟ್ಟಗಳಲ್ಲಿ ಮತ್ತೆ ತಯಾರಿಸಿ, ಪ್ರತಿಯೊಂದನ್ನೂ ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಸಾಮಾನ್ಯ ವೆಬ್ ಪುಟ ಹೋಗುವ ದಾರಿಯಲ್ಲೇ ಕಳುಹಿಸುತ್ತದೆ. 2009ರಲ್ಲಿ ಆಪಲ್ ಹೊರತಂದ ಎಚ್‌ಎಲ್‌ಎಸ್, 2012ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಡ್ಯಾಶ್ ಇವೆರಡೂ ಹೀಗೆಯೇ ಕೆಲಸ ಮಾಡುತ್ತವೆ. ಊರಿನ ಮನೆಯಲ್ಲಿ ಸಿಗ್ನಲ್ ಕುಂದಿದಾಗ ಮೊಬೈಲು ಮುಂದಿನ ತುಣುಕನ್ನು ಕೆಳಗಿನ ಗುಣಮಟ್ಟದಲ್ಲಿ ತರಿಸಿಕೊಳ್ಳುತ್ತದೆ, ಸಿಗ್ನಲ್ ಚೇತರಿಸಿದಾಗ ಮತ್ತೆ ಮೇಲಕ್ಕೆ ಹೋಗುತ್ತದೆ. ಇದೇ ತುಣುಕುಗಳ ಪ್ರತಿಗಳನ್ನು ನೋಡುಗರಿಗೆ ಸಮೀಪದ ಊರುಗಳ ಸರ್ವರುಗಳಲ್ಲಿ ಇಟ್ಟು ಹಂಚುವ ವ್ಯವಸ್ಥೆಗೆ ಸಿಡಿಎನ್ ಎನ್ನುತ್ತಾರೆ. ನಿಮ್ಮ ಲ್ಯಾಪ್‌ಟಾಪಿನಿಂದಲೇ 200 ಜನರಿಗೆ ನೇರವಾಗಿ ಕಳುಹಿಸಬೇಕಾಗಿದ್ದರೆ 600 ಮೆಗಾಬಿಟ್ ಬೇಕಾಗುತ್ತಿತ್ತು. ಸಿಡಿಎನ್ ಇರುವುದರಿಂದ 20 ಜನ ನೋಡಿದರೂ 20,000 ಜನ ನೋಡಿದರೂ ನೀವು ಕಳುಹಿಸಬೇಕಾದದ್ದು ಅದೇ 3 ಮೆಗಾಬಿಟ್.

ನೋಡುಗರ ಮೊಬೈಲು ಬಂದ ತುಣುಕುಗಳನ್ನು ತಕ್ಷಣ ತೋರಿಸದೆ ಸ್ವಲ್ಪ ಕೂಡಿಟ್ಟುಕೊಳ್ಳುತ್ತದೆ. ಈ ಸಂಗ್ರಹವೇ ಬಫರ್. ನಮ್ಮ ಕಟ್ಟಡಗಳ ತಾರಸಿಯ ಟಾಂಕಿಯಂತೆ ಇದು: ಪಾಲಿಕೆಯ ನೀರು ಹೊತ್ತುಗೊತ್ತಿಗೆ ಬಂದರೂ ಟಾಂಕಿಯಲ್ಲಿ ಇರುವಷ್ಟು ಕಾಲ ನಲ್ಲಿ ನಿಲ್ಲುವುದಿಲ್ಲ. ಬಫರ್ ಬರಿದಾದಾಗಲೇ ಪರದೆಯ ಮೇಲೆ ಚಕ್ರ ತಿರುಗುವುದು. ಕೂಡಿಟ್ಟು ತೋರಿಸುವುದರಿಂದ ಸಭಾಗೃಹದಲ್ಲಿ ನಡೆದದ್ದು ಮನೆಯಲ್ಲಿ ಕಾಣಿಸಲು ಸಾಮಾನ್ಯವಾಗಿ 15ರಿಂದ 30 ಸೆಕೆಂಡು ತಡವಾಗುತ್ತದೆ. ಈ ವಿಳಂಬಕ್ಕೆ ಲೇಟೆನ್ಸಿ ಎಂದು ಹೆಸರು. ಜೂಮ್‌ನಂತಹ ಮಾತುಕತೆಯ ಆ್ಯಪ್‌ಗಳು ಬಫರನ್ನು ಬಹಳ ಚಿಕ್ಕದಾಗಿಟ್ಟುಕೊಳ್ಳುತ್ತವೆ, ಅದಕ್ಕೇ ಅವುಗಳಲ್ಲಿ ಉತ್ತರ ತಕ್ಷಣ ಬರುತ್ತದೆ, ಅದಕ್ಕೇ ಅವುಗಳಲ್ಲಿ ಸಂಗೀತ ಹೆಚ್ಚು ತುಂಡಾಗುತ್ತದೆ.

ಬೇಕಾಗುವ ಸಾಮಾನು

ನಾಲ್ಕೈದು ವರ್ಷಕ್ಕಿಂತ ಹಳೆಯದಲ್ಲದ ಲ್ಯಾಪ್‌ಟಾಪ್, ಎಚ್‌ಡಿಎಂಐ ಕಿಂಡಿ ಇರುವ ಕ್ಯಾಮೆರಾ, ಅದರ ಚಿತ್ರವನ್ನು ಲ್ಯಾಪ್‌ಟಾಪಿಗೆ ತರುವ ಕ್ಯಾಪ್ಚರ್ ಕಾರ್ಡ್, ಎಲ್ಲ ಮೈಕುಗಳ ಧ್ವನಿಯನ್ನು ಕೂಡಿಸುವ ಮಿಕ್ಸರಿನಿಂದ ಧ್ವನಿಯನ್ನು ಲ್ಯಾಪ್‌ಟಾಪಿಗೆ ತರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಗಟ್ಟಿಯಾದ ಮುಕ್ಕಾಲಿ, ರೌಟರಿನವರೆಗೆ ತಲುಪುವ ನೆಟ್‌ವರ್ಕ್ ಕೇಬಲ್, ಯುಪಿಎಸ್, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್. ಎನ್‌ಕೋಡರ್ ಆಗಿ ಓಬಿಎಸ್ ಸ್ಟುಡಿಯೋ ಸಾಕು. ಇದು ಉಚಿತ ಮತ್ತು ಮುಕ್ತ ತಂತ್ರಾಂಶ, ಯಾರಾದರೂ ಇದಕ್ಕೆ ಹಣ ಕೇಳಿದರೆ ಕೊಡಬೇಡಿ. ಮೊದಲ ಪ್ರಯತ್ನಕ್ಕೆ ಎರಡು ಕ್ಯಾಮೆರಾಗಳ ಆಸೆ ಬೇಡ.

ಹಂತ 1: ಒಪ್ಪಿಗೆ ಮತ್ತು ಖಾತೆ

ಕಾರ್ಯಕ್ರಮ ನಿಶ್ಚಯವಾದ ಕೂಡಲೇ ಪದ್ಯ ಹಾಡುವ ಭಾಗವತರಿಂದ ಹಿಡಿದು ಎಲ್ಲ ಕಲಾವಿದರಿಂದಲೂ ಪ್ರಸಾರಕ್ಕೆ ಲಿಖಿತ ಒಪ್ಪಿಗೆ ಪಡೆಯಿರಿ. 1957ರ ಕೃತಿಸ್ವಾಮ್ಯ ಕಾಯಿದೆ ಪ್ರದರ್ಶನ ನೀಡುವ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿದೆ. ಸಂಭಾವನೆ ಕೊಟ್ಟ ಮಾತ್ರಕ್ಕೆ ಪ್ರಸಾರದ ಅನುಮತಿ ಸಿಕ್ಕಿತೆಂದು ತಿಳಿಯಬಾರದು. ಹಲವರಿಗೆ ತಮ್ಮದೇ ಯೂಟ್ಯೂಬ್ ಚಾನೆಲ್ ಇರುತ್ತದೆ, ಮುದ್ರಿಕೆಯನ್ನು ಅವರಿಗೂ ಕೊಡುತ್ತೇವೆಂದರೆ ಸಂತೋಷದಿಂದಲೇ ಒಪ್ಪುತ್ತಾರೆ.

ಪ್ರಸಾರದ ಖಾತೆ ಸಂಘದ ಹೆಸರಿನಲ್ಲಿರಲಿ, ಯಾವುದೋ ಉತ್ಸಾಹಿ ಸದಸ್ಯರ ಸ್ವಂತ ಖಾತೆಯಲ್ಲಿ ಬೇಡ. ಯೂಟ್ಯೂಬಿನಲ್ಲಿ ನೇರಪ್ರಸಾರವನ್ನು ಮೊದಲ ಬಾರಿ ಸಕ್ರಿಯಗೊಳಿಸುವಾಗ ಫೋನ್ ಸಂಖ್ಯೆಯನ್ನು ದೃಢಪಡಿಸಬೇಕು, ಅನುಮತಿ ಬರಲು 24 ಗಂಟೆಯವರೆಗೆ ಕಾಯಬೇಕಾಗುತ್ತದೆ. ಕಾರ್ಯಕ್ರಮದ ದಿನ ಮಧ್ಯಾಹ್ನ ಖಾತೆ ತೆರೆದು ಸಂಜೆ ಪ್ರಸಾರ ಮಾಡಲಾಗದೆ ಕೈಚೆಲ್ಲುವವರು ಇಂದಿಗೂ ಇದ್ದಾರೆ. ಪ್ರಸಾರವನ್ನು ಮೊದಲೇ ನಿಗದಿಪಡಿಸಿದರೆ ಅದರ ಕೊಂಡಿ ಸಿಗುತ್ತದೆ, ಅದನ್ನು ವಾಟ್ಸಾಪ್ ಬಳಗಗಳಿಗೆ ಕಳುಹಿಸಬಹುದು. ಜೊತೆಗೆ ಸ್ಟ್ರೀಮ್ ಕೀ ಎಂಬ ಉದ್ದನೆಯ ಗುಪ್ತಪದವೂ ಸಿಗುತ್ತದೆ. ಇದು ಯಾರ ಕೈಗೆ ಸಿಕ್ಕರೂ ಅವರು ನಿಮ್ಮ ಚಾನೆಲಿನಲ್ಲಿ ತಮಗೆ ಬೇಕಾದ್ದನ್ನು ಪ್ರಸಾರ ಮಾಡಬಲ್ಲರು. ಅದನ್ನು ಬಳಗಕ್ಕೆ ಕಳುಹಿಸಬೇಡಿ, ಪರದೆಯ ಫೋಟೋದಲ್ಲೂ ಕಾಣಿಸದಂತೆ ನೋಡಿಕೊಳ್ಳಿ.

ಹಂತ 2: ಸಂಪರ್ಕವನ್ನು ಅಳೆಯುವುದು

ಇಂಟರ್ನೆಟ್ ವೇಗದಲ್ಲಿ ಎರಡು ವಿಧ. ಒಳಬರುವ ವೇಗ ಡೌನ್‌ಲೋಡ್, ಹೊರಹೋಗುವ ವೇಗ ಅಪ್‌ಲೋಡ್. ನಿಮಗೆ ಬೇಕಾದದ್ದು ಎರಡನೆಯದು. ಸಭಾಗೃಹದ ವ್ಯವಸ್ಥಾಪಕರು "ನಮ್ಮಲ್ಲಿ 100 ಎಂಬಿ ಲೈನ್ ಇದೆ" ಎನ್ನುವಾಗ ಸಾಮಾನ್ಯವಾಗಿ ಡೌನ್‌ಲೋಡಿನ ಮಾತಾಡುತ್ತಿರುತ್ತಾರೆ. ಆದ್ದರಿಂದ ಸ್ವತಃ ಹೋಗಿ ಅಳೆಯಿರಿ. ಕಾರ್ಯಕ್ರಮ ಶನಿವಾರ ಸಂಜೆ ಇದ್ದರೆ ಹಿಂದಿನ ಶನಿವಾರ ಸಂಜೆಯೇ ಹೋಗಿ, ಏಕೆಂದರೆ ಮಂಗಳವಾರ ಬೆಳಗ್ಗೆ ಸಿಗುವ ವೇಗ ಶನಿವಾರ ಸಂಜೆ ಸಿಗಬೇಕೆಂದಿಲ್ಲ. ಹತ್ತು ನಿಮಿಷಗಳ ಅಂತರದಲ್ಲಿ ನಾಲ್ಕೈದು ಬಾರಿ ಅಳೆದು, ಅವುಗಳಲ್ಲಿ ಅತ್ಯಂತ ಕಡಿಮೆ ಬಂದ ಅಪ್‌ಲೋಡ್ ಸಂಖ್ಯೆಯನ್ನು ಹಿಡಿಯಿರಿ. ಧ್ವನಿ ಮತ್ತು ಚಿತ್ರ ಸೇರಿ ನಿಮ್ಮ ಒಟ್ಟು ಬಿಟ್‌ರೇಟ್ ಅದರ ಅರ್ಧವನ್ನು ಮೀರಬಾರದು.

ವೈಫೈ ಬೇಡ. ಖಾಲಿ ಸಭಾಗೃಹದಲ್ಲಿ ಚೆನ್ನಾಗಿ ನಡೆದ ವೈಫೈ, ಮುನ್ನೂರು ಜನ ಮೊಬೈಲು ಹಿಡಿದು ಕುಳಿತ ಮೇಲೆ ಕುಸಿಯುತ್ತದೆ. ರೌಟರಿನಿಂದ ಕೇಬಲ್ ಎಳೆಯಿರಿ. 100 ಮೀಟರ್‌ವರೆಗೆ ಸಾಮಾನ್ಯ ನೆಟ್‌ವರ್ಕ್ ಕೇಬಲ್ ಸಾಕಾಗುತ್ತದೆ. ಜನ ಓಡಾಡುವ ಕಡೆ ಅದನ್ನು ನೆಲಕ್ಕೆ ಅಂಟಿಸುವುದು ಕಡ್ಡಾಯ. ಮೊಬೈಲ್ ಹಾಟ್‌ಸ್ಪಾಟನ್ನು ಬದಲಿ ವ್ಯವಸ್ಥೆಯಾಗಿ ಇಟ್ಟುಕೊಳ್ಳಿ, ಆದರೆ ಸಭಾಗೃಹ ತುಂಬಿದಾಗ ಟವರಿನ ಮೇಲೂ ಅದೇ ಜನರ ಭಾರ ಬೀಳುತ್ತದೆ ಎಂಬುದು ನೆನಪಿರಲಿ. 3 ಮೆಗಾಬಿಟ್‌ನಲ್ಲಿ ಗಂಟೆಗೆ ಸುಮಾರು 1.35 ಜಿಬಿ ಖರ್ಚಾಗುತ್ತದೆ, ನಾಲ್ಕು ಗಂಟೆಯ ಪ್ರಸಂಗಕ್ಕೆ ಐದೂವರೆ ಜಿಬಿ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇಲ್ಲಿ ನಡೆಯದು.

ಶಾಲಾ ಕಾಲೇಜುಗಳ ಸಭಾಗೃಹಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿನ ಜಾಲ ಸಾಮಾನ್ಯ ವೆಬ್ ಸಂಚಾರವನ್ನು ಬಿಟ್ಟು ಉಳಿದದ್ದನ್ನು ತಡೆಯುತ್ತಿರಬಹುದು. ಆರ್‌ಟಿಎಂಪಿ 1935 ಎಂಬ ಸಂಖ್ಯೆಯ ಬಾಗಿಲಿನಿಂದ ಹೋಗುವುದರಿಂದ ವೇಗ ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದ್ದು ಪ್ರಸಾರ ಮಾತ್ರ ಆರಂಭವೇ ಆಗುವುದಿಲ್ಲ. ಆಗ ಸುರಕ್ಷಿತ ರೂಪವಾದ ಆರ್‌ಟಿಎಂಪಿಎಸ್ ವಿಳಾಸವನ್ನು ಆರಿಸಿಕೊಳ್ಳಿ. ಅದು ವೆಬ್ ಪುಟಗಳು ಬಳಸುವ 443ರ ಬಾಗಿಲಿನಿಂದಲೇ ಹೋಗುತ್ತದೆ.

ಮಳೆಗಾಲವಾದ್ದರಿಂದ ರೌಟರಿಗೂ ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಗೂ ಯುಪಿಎಸ್ ಸಂಪರ್ಕ ಕೊಡಿ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ, ಇವೆರಡಕ್ಕೆ ಇಲ್ಲ. ಕರೆಂಟು ಒಂದು ಕ್ಷಣ ಮಿನುಗಿದರೂ ಇವು ಮತ್ತೆ ಚೇತರಿಸಿಕೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ.

ಹಂತ 3: ಧ್ವನಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲಿ ಕಳೆಯಿರಿ.

ಕ್ಯಾಮೆರಾದ ಮೈಕಿನ ಧ್ವನಿ ಬೇಡವೇ ಬೇಡ. ಸಭಾಗೃಹದ ಪ್ರತಿಧ್ವನಿ, ಫ್ಯಾನು, ಹಿಂದಿನ ಸಾಲಿನ ಮಾತು ಎಲ್ಲವೂ ಅದರಲ್ಲಿ ಸೇರುತ್ತವೆ. ಮಿಕ್ಸರಿನಿಂದಲೇ ಧ್ವನಿ ತೆಗೆದುಕೊಳ್ಳಿ. ಆದರೆ ಮುಖ್ಯ ಔಟ್‌ಪುಟ್‌ನಿಂದ ತೆಗೆದುಕೊಂಡರೆ ಒಂದು ವಿಚಿತ್ರ ತೊಂದರೆ ಎದುರಾಗುತ್ತದೆ. ಚೆಂಡೆಯ ಪೆಟ್ಟು ಮೈಕಿಲ್ಲದೆಯೇ ಸಭಾಗೃಹವನ್ನು ತುಂಬುತ್ತದೆ; ಆದ್ದರಿಂದ ಮೈಕಿನವರು ಅದಕ್ಕೆ ಮೈಕೇ ಇಡುವುದಿಲ್ಲ, ಇಟ್ಟರೂ ತಗ್ಗಿಸಿರುತ್ತಾರೆ. ಸಭೆಯಲ್ಲಿ ಕುಳಿತವರಿಗೆ ಸಮತೋಲನ ಸರಿಯಾಗಿದೆ ಅನ್ನಿಸಿದರೆ, ಮನೆಯಲ್ಲಿ ಕೇಳುವವರಿಗೆ ಭಾಗವತರ ಪದ್ಯ ಕಿವಿಯ ಪಕ್ಕದಲ್ಲೂ ಚೆಂಡೆ ಪಕ್ಕದ ಬೀದಿಯಲ್ಲೂ ಇದ್ದಂತೆ ಕೇಳುತ್ತದೆ. ಪರಿಹಾರವೆಂದರೆ, ಮಿಕ್ಸರಿನ ಆಕ್ಸ್ ಎಂಬ ಪ್ರತ್ಯೇಕ ಹೊರಹರಿವನ್ನು ಪ್ರಸಾರಕ್ಕೆಂದೇ ಮೀಸಲಿಟ್ಟು, ಅದನ್ನು ಸಭಾಗೃಹದ ಏರಿಳಿತಕ್ಕೆ ಒಳಪಡದ ಪ್ರೀ-ಫೇಡರ್ ಸ್ಥಿತಿಯಲ್ಲಿಡಲು ಮೈಕಿನವರನ್ನು ಕೇಳಿಕೊಳ್ಳುವುದು. ಹಿಮ್ಮೇಳದ ಕಡೆಗೆ ಮುಖಮಾಡಿದ ಒಂದು ಮೈಕನ್ನು ಆಕ್ಸ್‌ಗೆ ಮಾತ್ರ ಹರಿಯುವಂತೆ ಸೇರಿಸುವುದು. ಮೈಕಿನವರ ಜೊತೆ ಹಿಂದಿನ ದಿನವೇ ಮಾತಾಡಿ. ವೇದಿಕೆಯಲ್ಲಿ ಸಭಾ ಕಾರ್ಯಕ್ರಮ ನಡೆಯುತ್ತಿರುವಾಗ ಹೋಗಿ ಕೇಳಿದರೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಎರಡನೆಯ ಅಪಾಯ, ಗದ್ದಲ ನಿವಾರಣೆ. ಓಬಿಎಸ್‌ನಲ್ಲೂ ಲ್ಯಾಪ್‌ಟಾಪಿನ ಧ್ವನಿ ವ್ಯವಸ್ಥೆಯಲ್ಲೂ ಗದ್ದಲವನ್ನು ತೆಗೆಯುವ ಸೌಲಭ್ಯಗಳಿವೆ. ಒಂದೇ ಸಮನೆ ಕೇಳುವ ಸದ್ದನ್ನು ಅವು ಗದ್ದಲವೆಂದು ಭಾವಿಸುತ್ತವೆ, ಮನುಷ್ಯನ ಮಾತನ್ನು ಮಾತ್ರ ಉಳಿಸಿಕೊಳ್ಳಲು ನೋಡುತ್ತವೆ. ಶ್ರುತಿಪೆಟ್ಟಿಗೆ ಮಾಡುವುದು ಒಂದೇ ಸಮನೆ ನುಡಿಯುವ ಕೆಲಸವನ್ನೇ ಅಲ್ಲವೇ? ಹೀಗಾಗಿ ಪದ್ಯದ ನಡುವೆ ಶ್ರುತಿ ಅಳಿಸಿಹೋಗುತ್ತದೆ, ಚಕ್ರತಾಳದ ಝೇಂಕಾರ ಮೊದಲ ತಟ್ಟಿಗೇ ಕತ್ತರಿಸಿಹೋಗುತ್ತದೆ, ಮದ್ದಳೆಯ ನಾದ ಮಂಕಾಗುತ್ತದೆ. ಈ ಸೌಲಭ್ಯಗಳನ್ನು ಎಲ್ಲ ಕಡೆಯಲ್ಲೂ ಹುಡುಕಿ ಆಫ್ ಮಾಡಿಬಿಡಿ. ಭಾಗವತಿಕೆಗೆ ಶ್ರುತಿ ಎಷ್ಟು ಮುಖ್ಯವೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಮೂರನೆಯದು ಕೇಬಲ್. ಮಿಕ್ಸರಿನ ಹೊರಹರಿವುಗಳಲ್ಲಿ ಅನೇಕವು ಬ್ಯಾಲೆನ್ಸ್ಡ್ ಬಗೆಯವು, ಅಂದರೆ ಒಂದೇ ಧ್ವನಿಯನ್ನು ಎರಡು ತಂತಿಗಳಲ್ಲಿ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಕಳುಹಿಸುವಂಥವು. ಇದನ್ನು ಸಾಮಾನ್ಯ ಸ್ಟೀರಿಯೋ ಕೇಬಲಿನಿಂದ ಲ್ಯಾಪ್‌ಟಾಪಿಗೆ ಸೇರಿಸಿದರೆ ಎಡಗಿವಿಗೆ ಒಂದು, ಬಲಗಿವಿಗೆ ಅದರ ವಿಲೋಮ ಸಿಗುತ್ತದೆ. ಹೆಡ್‌ಫೋನಿನಲ್ಲಿ ನಿಮಗೆ ಚೆನ್ನಾಗಿಯೇ ಕೇಳುತ್ತದೆ. ಒಂದೇ ಸ್ಪೀಕರು ಇರುವ ಮೊಬೈಲಿನಲ್ಲಿ ಎರಡೂ ಕೂಡಿ ಪರಸ್ಪರ ಅಳಿಸಿಹಾಕಿ ಮಾತು ಮಾಯವಾಗುತ್ತದೆ. "ನಮಗೆ ಏನೂ ಕೇಳುತ್ತಿಲ್ಲ" ಎಂದು ಕೆಲವರು, "ಚೆನ್ನಾಗಿದೆ" ಎಂದು ಕೆಲವರು ಬರೆದರೆ ಮೊದಲು ಇದನ್ನೇ ಅನುಮಾನಿಸಿ. ಯುಎಸ್‌ಬಿ ಇಂಟರ್‌ಫೇಸಿನ ಬ್ಯಾಲೆನ್ಸ್ಡ್ ಕಿಂಡಿಗೆ ಸರಿಯಾದ ಕೇಬಲ್ ಹಾಕಿದರೆ ಈ ಸಮಸ್ಯೆಯೇ ಬರುವುದಿಲ್ಲ.

ಧ್ವನಿಯ ಮಟ್ಟವನ್ನು ಓಬಿಎಸ್‌ನ ಮೀಟರಿನಲ್ಲಿ ನೋಡಿ. ಅರ್ಥಧಾರಿಯ ಏರಿದ ದನಿ -10 ಡೆಸಿಬಲ್ ಸುತ್ತ ಇರಲಿ. 0 ಮುಟ್ಟಿದರೆ ಧ್ವನಿ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಸರಿಪಡಿಸಲಾಗದು. ಪೀಠಿಕೆಯ ಹದವಾದ ಮಾತಿಗೆ ಮಟ್ಟ ಹೊಂದಿಸಿ ಸುಮ್ಮನಾಗಬೇಡಿ. ಸಂವಾದ ಕಾವೇರಿದಾಗ ಅದೇ ದನಿ ಎರಡು ಪಟ್ಟಾಗುತ್ತದೆ.

ಹಂತ 4: ಕ್ಯಾಮೆರಾ

ಇಡೀ ವೇದಿಕೆ ಕಾಣುವಂತೆ ಮುಕ್ಕಾಲಿಯ ಮೇಲೆ ನಿಲ್ಲಿಸಿ, ಎದುರಿನವರ ತಲೆಗಳಿಗಿಂತ ಎತ್ತರದಲ್ಲಿ. ಕೈಯಲ್ಲಿ ಹಿಡಿದು ಆಡಿಸಬೇಡಿ: ಚೌಕಟ್ಟು ಕದಲಿದರೆ ಇಡೀ ಚಿತ್ರ ಬದಲಾಗುತ್ತದೆ, ಬಿಟ್‌ರೇಟ್ ಅದಕ್ಕೇ ಖರ್ಚಾಗುತ್ತದೆ. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಕ್ಯಾಮೆರಾವನ್ನು ಸೆಕೆಂಡಿಗೆ 25 ಚಿತ್ರ, ಶಟರ್ 1/50 ಎಂದು ಹೊಂದಿಸಿದರೆ ದೀಪಗಳ ಮಿನುಗು ಬರುವುದಿಲ್ಲ.

ಹಂತ 5: ಓಬಿಎಸ್ ಹೊಂದಾಣಿಕೆ

ಅಳತೆ 1280x720, ಸೆಕೆಂಡಿಗೆ 25 ಚಿತ್ರ, ವಿಡಿಯೋ ಬಿಟ್‌ರೇಟ್ 2500ರಿಂದ 3000 ಕಿಲೋಬಿಟ್, ಧ್ವನಿ 128 ಕಿಲೋಬಿಟ್, ಮಾದರಿ ದರ (ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಧ್ವನಿಯನ್ನು ಅಳೆಯಬೇಕೆಂಬ ಲೆಕ್ಕ) 48 ಕಿಲೋಹರ್ಟ್ಸ್, ಕೀಫ್ರೇಮ್ ಅಂತರ 2 ಸೆಕೆಂಡು. ಅಂತರವನ್ನು ತಂತ್ರಾಂಶದ ಇಚ್ಛೆಗೆ ಬಿಡಬೇಡಿ. ತುಣುಕುಗಳನ್ನು ಕತ್ತರಿಸುವುದು ಕೀಫ್ರೇಮ್ ಇರುವಲ್ಲಿ ಮಾತ್ರ ಸಾಧ್ಯವಾದ್ದರಿಂದ ಅದು ನಿಯತವಾಗಿರಬೇಕು. ಬಿಟ್‌ರೇಟ್ ಕ್ರಮವನ್ನು ಸಿಬಿಆರ್, ಅಂದರೆ ಸ್ಥಿರ ಎಂದು ಇಡಿ. ದಟ್ಟಣೆ ಹೆಚ್ಚಾದಾಗ ಬಿಟ್‌ರೇಟನ್ನು ತಾನಾಗಿ ತಗ್ಗಿಸುವ ಆಯ್ಕೆಯೊಂದು ಸುಧಾರಿತ ಹೊಂದಾಣಿಕೆಗಳಲ್ಲಿದೆ, ಅದನ್ನು ಆನ್ ಮಾಡಿ. 1080ರ ಮೋಹ ಬೇಡ. ನೋಡುವವರಲ್ಲಿ ಹೆಚ್ಚಿನವರು ಮೊಬೈಲಿನ ಪರದೆಯಲ್ಲಿ ನೋಡುತ್ತಾರೆ.

ಪ್ರಸಾರದ ಜೊತೆಗೇ ಲ್ಯಾಪ್‌ಟಾಪಿನಲ್ಲೂ ಮುದ್ರಣ (ರೆಕಾರ್ಡಿಂಗ್) ನಡೆಯಲಿ. ಮುದ್ರಣದ ಕಡತ ಎಂಕೆವಿ ರೂಪದಲ್ಲಿರಲಿ. ಸಾಮಾನ್ಯ ಎಂಪಿ4 ರೂಪದಲ್ಲಿ ಮುದ್ರಿಸುವಾಗ ಲ್ಯಾಪ್‌ಟಾಪ್ ನಡುವೆ ನಿಂತರೆ ಇಡೀ ಕಡತವೇ ತೆರೆಯದಂತಾಗಬಹುದು. ಬೇಕಾದರೆ ಆಮೇಲೆ ಓಬಿಎಸ್‌ನಲ್ಲೇ ಎಂಪಿ4ಗೆ ಬದಲಾಯಿಸಬಹುದು.

ಹಂತ 6: ತಾಲೀಮು

ಹಿಂದಿನ ದಿನ ಅದೇ ಜಾಗದಲ್ಲಿ, ಅದೇ ಕೇಬಲುಗಳೊಂದಿಗೆ, ಕೊಂಡಿ ಇದ್ದವರಿಗೆ ಮಾತ್ರ ಕಾಣುವ ಅನ್‌ಲಿಸ್ಟೆಡ್ ಪ್ರಸಾರವೊಂದನ್ನು ಕನಿಷ್ಠ ಅರ್ಧ ಗಂಟೆ ನಡೆಸಿ. ಊರಿನಲ್ಲಿರುವ ಯಾರಾದರೊಬ್ಬರಿಗೆ ಮೊಬೈಲಿನ ಸ್ಪೀಕರಿನಲ್ಲೇ ಕೇಳಲು ಹೇಳಿ.

ವೇದಿಕೆಯ ಮೇಲೆ ಒಬ್ಬರು ಮೈಕಿನ ಮುಂದೆ ಕೈ ತಟ್ಟಲಿ. ಕೈಗಳು ಕೂಡುವ ಕ್ಷಣವೂ ಸದ್ದೂ ಮುದ್ರಣದಲ್ಲಿ ಹೊಂದುತ್ತವೆಯೇ ನೋಡಿ. ಕ್ಯಾಮೆರಾ ಮತ್ತು ಕ್ಯಾಪ್ಚರ್ ಕಾರ್ಡಿನ ಮೂಲಕ ಬರುವ ಚಿತ್ರ ಮಿಕ್ಸರಿನಿಂದ ಬರುವ ಧ್ವನಿಗಿಂತ ತುಸು ತಡವಾಗುವುದು ಸಹಜ. ಓಬಿಎಸ್‌ನ ಧ್ವನಿ ವಿಭಾಗದಲ್ಲಿ ಸಿಂಕ್ ಆಫ್‌ಸೆಟ್ ಎಂಬ ಕಡೆ 100 ಮಿಲಿಸೆಕೆಂಡಿನಿಂದ ಆರಂಭಿಸಿ ಹೊಂದಿಸಿಕೊಳ್ಳಿ. ಅರ್ಧ ಗಂಟೆಯ ಕೊನೆಗೆ ಇನ್ನೊಮ್ಮೆ ತಟ್ಟಿಸಿ. ಆರಂಭದಲ್ಲಿ ಹೊಂದಿದ್ದು ಕೊನೆಗೆ ತಪ್ಪಿದ್ದರೆ ಇಂಟರ್‌ಫೇಸ್, ಲ್ಯಾಪ್‌ಟಾಪ್, ಓಬಿಎಸ್ ಮೂರರಲ್ಲೂ ಮಾದರಿ ದರ 48 ಎಂದೇ ಇದೆಯೇ ಎಂದು ಪರಿಶೀಲಿಸಿ.

ಹಂತ 7: ಪ್ರಸಾರದ ಹೊತ್ತು

ಕಾರ್ಯಕ್ರಮಕ್ಕೆ ಹದಿನೈದು ನಿಮಿಷ ಮೊದಲೇ ಸಂಘದ ಫಲಕವನ್ನು ತೋರಿಸುತ್ತಾ ಪ್ರಸಾರ ಆರಂಭಿಸಿ. ಆ ಹೊತ್ತಿನಲ್ಲಿ ಸಭಾಗೃಹದವರು ಹಾಕುವ ಚಲನಚಿತ್ರ ಗೀತೆ ಪ್ರಸಾರಕ್ಕೆ ಹೋಗದಂತೆ ಧ್ವನಿ ಮುಚ್ಚಿರಿ. ಹಕ್ಕುದಾರರ ಸಂಗೀತವನ್ನು ವೇದಿಕೆಗಳು ತಾವಾಗಿ ಗುರುತಿಸುತ್ತವೆ, ಪ್ರಸಾರವನ್ನೇ ತಡೆಯಲೂಬಹುದು. ಎನ್‌ಕೋಡರ್ ನಿಂತರೆ ಪ್ರಸಾರವನ್ನು ತಾನಾಗಿ ಮುಗಿಸುವ ಆಟೋ-ಸ್ಟಾಪ್ ಆಯ್ಕೆಯನ್ನು ಆಫ್ ಮಾಡಿಡಿ. ಇಲ್ಲದಿದ್ದರೆ ಸಂಪರ್ಕ ಸ್ವಲ್ಪ ಹೊತ್ತು ಕಡಿದರೂ ಪ್ರಸಾರ ಮುಗಿದುಹೋಗಿ, ಜನರಿಗೆ ಹೊಸ ಕೊಂಡಿ ಕಳುಹಿಸಬೇಕಾದೀತು.

ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಓಬಿಎಸ್ ಮುಂದೆಯೇ ಕುಳಿತಿರಬೇಕು. ಕಳೆದುಹೋದ ಫ್ರೇಮುಗಳ ಲೆಕ್ಕ ಕೆಳಗಿನ ಪಟ್ಟಿಯಲ್ಲಿ ಕಾಣುತ್ತದೆ. ಅದು ಒಂದೇ ಸಮನೆ ಏರುತ್ತಿದ್ದರೆ ದೋಷ ನಿಮ್ಮ ಅಪ್‌ಲೋಡಿನಲ್ಲಿದೆ, ವಿರಾಮದಲ್ಲಿ ಬಿಟ್‌ರೇಟನ್ನು 1500ಕ್ಕೆ ಇಳಿಸಿ. ಅದು ಸೊನ್ನೆಯಲ್ಲಿದ್ದೂ ಕೆಲವರಿಗೆ ಮಾತ್ರ ಚಕ್ರ ತಿರುಗುತ್ತಿದ್ದರೆ ದೋಷ ಅವರ ಕಡೆಯದು. ಅವರಿಗೆ ಗುಣಮಟ್ಟವನ್ನು 360ಕ್ಕೆ ಇಳಿಸಿಕೊಳ್ಳಲು ತಿಳಿಸಿ, ಅದರಲ್ಲಿ ಗಂಟೆಗೆ ಸುಮಾರು 300 ಎಂಬಿ ಮಾತ್ರ ಖರ್ಚಾಗುತ್ತದೆ. ಒಬ್ಬಿಬ್ಬರ ದೂರಿಗೆ ಬೆದರಿ ಪ್ರಸಾರವನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಡಿ, ಸರಿಯಾಗಿ ನೋಡುತ್ತಿದ್ದವರಿಗೂ ಅಡ್ಡಿಯಾಗುತ್ತದೆ.

ಹಂತ 8: ಮುಗಿದ ಮೇಲೆ

ಮಂಗಳ ಹಾಡಿದ ಮೇಲೆ ಅರ್ಧ ನಿಮಿಷ ಬಿಟ್ಟು ಪ್ರಸಾರ ಮುಗಿಸಿ. ವಿಳಂಬದಿಂದಾಗಿ ಮನೆಯವರಿಗೆ ಕೊನೆಯ ಪದ್ಯ ಇನ್ನೂ ತಲುಪುತ್ತಿರುತ್ತದೆ. ಹನ್ನೆರಡು ಗಂಟೆಗಿಂತ ಕಡಿಮೆ ಅವಧಿಯ ಪ್ರಸಾರವನ್ನು ಯೂಟ್ಯೂಬ್ ತಾನಾಗಿಯೇ ಉಳಿಸಿಕೊಳ್ಳುತ್ತದೆ, ಆದರೆ ಅದರಲ್ಲಿ ಸಂಪರ್ಕ ಕಡಿದ ಜಾಗಗಳೂ ಹಾಗೆಯೇ ಇರುತ್ತವೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಮುದ್ರಿತವಾದ ಕಡತವೇ ಶುದ್ಧ ಪ್ರತಿ. ಅದನ್ನು ಅಂದೇ ರಾತ್ರಿ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಿಗೆ ನಕಲು ಮಾಡಿ, ಪ್ರಸಂಗದ ಹೆಸರು, ದಿನಾಂಕ, ಭಾಗವತರು ಮತ್ತು ಅರ್ಥಧಾರಿಗಳ ಹೆಸರುಗಳನ್ನು ಕಡತದ ಜೊತೆಗೇ ಬರೆದಿಟ್ಟು, ಒಪ್ಪಿದಂತೆ ಕಲಾವಿದರಿಗೂ ಒಂದು ಪ್ರತಿ ತಲುಪಿಸಿ.